ಹಾಲೊಡೆದ ನೀರಿಗೆ ಹೆಪ್ಪು

ಬೆಳಗ್ಗೆ ಐದಕ್ಕೆ 1,200 ಲೀಟರ್ ಹಾಲು ಬರುತ್ತದೆ. ಹತ್ತು ಗಂಟೆಯ ಹೊತ್ತಿಗೆ 190 ಕೆಜಿಯಷ್ಟು ಪನೀರ್ ಅಚ್ಚುಗಳಲ್ಲಿ ಕೂತಿರುತ್ತದೆ, ಉಳಿದ ಸಾವಿರ ಲೀಟರ್ ನಸುಹಸಿರು ನೀರು ಪಕ್ಕದ ತೊಟ್ಟಿಯಲ್ಲಿ ಹಬೆಯಾಡುತ್ತಿರುತ್ತದೆ. ಪನೀರಿಗೆ ಬೆಂಗಳೂರಿನ ಹೋಟೆಲುಗಳಲ್ಲಿ ಗಿರಾಕಿಗಳಿದ್ದರು. ಈ ನೀರಿಗೆ ಯಾರೂ ಇರಲಿಲ್ಲ.

ತಿಪಟೂರಿನ ಹತ್ತಿರ ನಮ್ಮದೊಂದು ಸಣ್ಣ ಪನೀರ್ ಘಟಕ. ಶುರು ಮಾಡಿದಾಗ ಹಾಲಿನ ದರ, ಪನೀರಿನ ದರ, ಬ್ಯಾಂಕಿನ ಕಂತು ಎಲ್ಲ ಲೆಕ್ಕ ಹಾಕಿದ್ದೆ. ಹಾಲೊಡೆದ ನೀರು ಲೆಕ್ಕದಲ್ಲೇ ಇರಲಿಲ್ಲ. ಅಕ್ಕಪಕ್ಕದವರು ಹಸುಗಳಿಗೆಂದು ಒಂದೊಂದು ಕೊಡ ಒಯ್ದರು. ಹೆಚ್ಚು ಕುಡಿದ ಹಸುಗಳು ಭೇದಿ ಶುರು ಮಾಡಿದ ಮೇಲೆ ಅದೂ ನಿಂತಿತು. ಉಳಿದದ್ದನ್ನು ತೋಟದ ಮೋರಿಗೆ ಬಿಟ್ಟೆವು. ಮೊದಲ ವಾರ ಏನೂ ಆಗಲಿಲ್ಲ. ಮೂರನೆಯ ವಾರದಲ್ಲಿ ಮೋರಿಯ ತುಂಬ ಬಿಳಿ ಲೋಳೆ ಕಟ್ಟಿತು. ನಾಲ್ಕನೆಯ ವಾರ ಪಕ್ಕದ ತೆಂಗಿನ ತೋಟದವರು ಮೂಗಿಗೆ ಟವೆಲ್ ಕಟ್ಟಿಕೊಂಡು ಜಗಳಕ್ಕೆ ಬಂದರು. ಅವರು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಆಮೇಲೆ ಟ್ರಿಪ್ಪಿಗೆ 1,200 ರೂಪಾಯಿ ಕೊಟ್ಟು ಟ್ಯಾಂಕರಿನಲ್ಲಿ ಸಾಗಿಸಿದೆ. ಎಲ್ಲಿಗೆ ಎಂದು ಕೇಳಲಿಲ್ಲ. ಒಂದು ದಿನ ಬೈಕಿನಲ್ಲಿ ಅದರ ಹಿಂದೆಯೇ ಹೋದೆ. ಎಂಟು ಕಿಲೋಮೀಟರ್ ಆಚೆಗಿನ ಒಂದು ಕೆರೆಯ ಕೋಡಿಯ ಬಳಿ ಚಾಲಕ ಟ್ಯಾಂಕರ್ ನಿಲ್ಲಿಸಿ, ಬೀಡಿ ಹಚ್ಚಿ, ವಾಲ್ವ್ ತಿರುಗಿಸಿದ. ನಾನು ಮಾತನಾಡದೆ ವಾಪಸ್ ಬಂದೆ. ಮರುದಿನವೂ ಅದೇ ಟ್ಯಾಂಕರನ್ನು ಕರೆಸಿದೆ. ಬೇರೆ ದಾರಿ ಇರಲಿಲ್ಲ ಎಂದು ಆಗ ಹೇಳಿಕೊಂಡಿದ್ದೆ.

ನೀರನ್ನು ಪರೀಕ್ಷೆಗೆ ಕೊಟ್ಟಾಗ ಬಿಒಡಿ ಲೀಟರಿಗೆ 38,000 ಮಿಲಿಗ್ರಾಂ ಎಂದು ಬಂತು. ಆ ನೀರಿನಲ್ಲಿರುವುದನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುವುದಕ್ಕೆ ಎಷ್ಟು ಆಮ್ಲಜನಕ ಬೇಕು ಎಂಬುದರ ಅಳತೆ ಅದು. ಮನೆಯ ಚರಂಡಿ ನೀರಿನದ್ದು 200ರಿಂದ 300 ಇರುತ್ತದೆ. ಹೊಲಕ್ಕೆ ಬಿಡಬೇಕಾದರೆ 100 ದಾಟಬಾರದು ಎಂಬುದು ನಿಯಮ. ಅಂದರೆ ನನ್ನ ಒಂದು ತೊಟ್ಟಿ ನೀರು ನೂರಕ್ಕೂ ಹೆಚ್ಚು ತೊಟ್ಟಿ ಚರಂಡಿ ನೀರಿಗೆ ಸಮ. ನೋಡುವುದಕ್ಕೆ ಮಾತ್ರ ನಿಂಬೆ ಪಾನಕದ ಹಾಗೆ ತಿಳಿಯಾಗಿರುತ್ತದೆ.

ಇದೆಲ್ಲ ನಡೆದದ್ದು 2021ರಲ್ಲಿ. ಆ ವರ್ಷ ಕೋಳಿ ಸಾಕುವವರ ಗೋಳು ಬೇರೆಯೇ ಇತ್ತು. ಕೋಳಿ ಮೇವಿಗೆ ಪ್ರೋಟೀನ್ ಕೊಡುವ ಸೋಯಾ ಹಿಂಡಿಯ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟು ದಾಟಿ, ಕೊನೆಗೆ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಒಪ್ಪಿಗೆ ಕೊಡಬೇಕಾಯಿತು. ನಮ್ಮ ಭಾವನ ಹತ್ತಿರ ಎರಡು ಸಾವಿರ ಮೊಟ್ಟೆ ಕೋಳಿಗಳಿವೆ. ಅಕ್ಕನ ಮನೆಗೆ ಊಟಕ್ಕೆ ಹೋದಾಗಲೆಲ್ಲ ಹಿಂಡಿಯ ಬೆಲೆಯದೇ ಮಾತು. ಅವರಿಗೆ ಪ್ರೋಟೀನ್ ಸಿಗುತ್ತಿಲ್ಲ, ನನಗೆ ನೀರು ಹೋಗುತ್ತಿಲ್ಲ.

ಎರಡನ್ನೂ ಜೋಡಿಸಿದವರು ಡೇರಿ ವಿಜ್ಞಾನ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ಪನೀರ್ ಕೊಳ್ಳುವುದಕ್ಕೆ ಬಂದವರು ತೊಟ್ಟಿಯನ್ನು ನೋಡಿ, "ಇದರಲ್ಲಿ ದಿನಕ್ಕೆ 45 ಕೆಜಿ ಸಕ್ಕರೆ ಚೆಲ್ಲುತ್ತಿದ್ದೀಯಲ್ಲಪ್ಪಾ" ಎಂದರು. ನನಗೆ ಅರ್ಥವಾಗಲಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಪನೀರಿಗೆ ಬರುವುದು ತೀರ ಕಡಿಮೆ, ಬಹುಪಾಲು ನೀರಿನಲ್ಲೇ ಉಳಿಯುತ್ತದೆ. ಲೀಟರಿಗೆ 45 ಗ್ರಾಂ ಎಂದರೆ ಸಾವಿರ ಲೀಟರಿಗೆ 45 ಕೆಜಿ. ಅದನ್ನು ತಿಂದು ಬೆಳೆಯುವ ಯೀಸ್ಟ್ ಇದೆ, ಯೀಸ್ಟಿನ ಒಣ ತೂಕದಲ್ಲಿ ಸುಮಾರು ಅರ್ಧ ಪ್ರೋಟೀನ್, ಫ್ರಾನ್ಸಿನ ಚೀಸ್ ಕಂಪನಿ ಬೆಲ್ 1958ರಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತ್ತು, ಸ್ವೀಡನ್ನಿನವರು ಆಲೂಗಡ್ಡೆ ಕಾರ್ಖಾನೆಯ ನೀರಿನಲ್ಲಿ ಮಾಡಿದ್ದರು ಎಂದೆಲ್ಲ ಅರ್ಧ ಗಂಟೆ ಪಾಠ ಮಾಡಿದರು. ಪನೀರಿನ ದುಡ್ಡು ತೆಗೆದುಕೊಳ್ಳುವುದನ್ನೇ ನಾನು ಮರೆತೆ.

ಮರುದಿನವೇ ಬೇಕರಿಯಿಂದ ಅರ್ಧ ಕೆಜಿ ಯೀಸ್ಟ್ ತಂದು ನೂರು ಲೀಟರಿನ ಡ್ರಮ್ಮಿಗೆ ಸುರಿದೆ. ಎರಡು ದಿನ ಬಿಟ್ಟು ನೋಡಿದರೆ ಹುಳಿ ಮಜ್ಜಿಗೆಯ ವಾಸನೆ, ತಳದಲ್ಲಿ ನಾನು ಹಾಕಿದಷ್ಟೇ ಯೀಸ್ಟ್. ಮೇಷ್ಟ್ರಿಗೆ ಫೋನ್ ಮಾಡಿದೆ, ಅವರು ನಕ್ಕರು. ಬ್ರೆಡ್ಡಿನ ಯೀಸ್ಟಿಗೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವೇ ಇಲ್ಲವಂತೆ. ಹಾಲು ಕುಡಿದರೆ ಹೊಟ್ಟೆ ಕೆಡುವವರ ಜಾತಿ ಅದು. ಬೇಕಾದದ್ದು ಕ್ಲೂವೆರೋಮೈಸಿಸ್ ಮಾರ್ಕ್ಸಿಯಾನಸ್ ಎಂಬ ಬೇರೆ ಯೀಸ್ಟ್. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಇಂಥ ಸೂಕ್ಷ್ಮಜೀವಿಗಳ ಸಂಗ್ರಹವೇ ಇದೆ. ಅಲ್ಲಿಂದ ಅವರೇ ತರಿಸಿಕೊಟ್ಟರು. ಬೆರಳುದ್ದದ ಗಾಜಿನ ನಳಿಕೆ, ಒಳಗೆ ಓರೆಯಾಗಿ ಹೆಪ್ಪುಗಟ್ಟಿದ ಅಗರ್ ಎಂಬ ಜೆಲ್ಲಿ, ಅದರ ಮೇಲೆ ಕೆನೆಬಣ್ಣದ ಒಂದು ಗೀರು. ಅಷ್ಟೇ. ಅಮ್ಮ ಅದನ್ನು ಬೆಳಕಿಗೆ ಹಿಡಿದು, "ಇದಕ್ಕೆ ಇಷ್ಟು ದುಡ್ಡೇನೋ?" ಎಂದರು.

ಆ ಗೀರನ್ನು ಸಾವಿರ ಲೀಟರಿಗೆ ಸಾಕಾಗುವ ಹೆಪ್ಪಾಗಿ ಬೆಳೆಸುವುದು ನಿಧಾನದ ಕೆಲಸ. ಹತ್ತು ಪಟ್ಟು, ಹತ್ತು ಪಟ್ಟು ಎಂದು ಏರಿಸುತ್ತಾ ಹೋಗಬೇಕು. ಮೊದಲು ನೂರು ಮಿಲಿಲೀಟರ್, ಆಮೇಲೆ ಒಂದು ಲೀಟರ್, ಹತ್ತು, ನೂರು. ಮೊದಲ ಎರಡು ಹಂತಗಳು ನಡೆದದ್ದು ಅಡುಗೆಮನೆಯಲ್ಲಿ. ಬಾಟಲಿಗೆ ಹಾಲೊಡೆದ ನೀರು ತುಂಬಿ, ಬಾಯಿಗೆ ಹತ್ತಿ ಗಿಡಿದು, ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಕೂಗಿಸಿ, ಆರಿಸಿ, ಹೆಪ್ಪು ಹಾಕುವುದು. ಅಮ್ಮ ಆ ಕುಕ್ಕರಿನಲ್ಲಿ ಮತ್ತೆ ಬೇಳೆ ಬೇಯಿಸಲಿಲ್ಲ. ಹೊಸದು ಕೊಡಿಸಿದೆ.

ನೂರು ಲೀಟರಿನ ಹಂತದಲ್ಲಿ ಮೂರು ಸಲ ಸೋತೆ. ಮೂರು ಸಲವೂ ಅದೇ ಹುಳಿ ವಾಸನೆ. ಮೇಷ್ಟ್ರು ತಮ್ಮ ಹಳೆಯ ಸೂಕ್ಷ್ಮದರ್ಶಕ ತಂದು ತೋರಿಸಿದರು. ಮೊಟ್ಟೆಯಾಕಾರದ ಯೀಸ್ಟುಗಳು ಅಲ್ಲೊಂದು ಇಲ್ಲೊಂದು, ಅವುಗಳ ಸುತ್ತ ದಾರದ ತುಂಡುಗಳಂತೆ ಮೊಸರಿನ ಬ್ಯಾಕ್ಟೀರಿಯಾಗಳ ಸಂತೆ. ತಪ್ಪು ನನ್ನದೇ ಆಗಿತ್ತು. ಬೆಳಗ್ಗೆ ಬಂದ ನೀರನ್ನು ತೆರೆದ ತೊಟ್ಟಿಯಲ್ಲಿ ಸಂಜೆಯವರೆಗೆ ಆರಲು ಬಿಟ್ಟು, ಆಮೇಲೆ ಹೆಪ್ಪು ಹಾಕುತ್ತಿದ್ದೆ. ಅಷ್ಟರಲ್ಲಿ ಬೇರೆಯವರು ಪಂಕ್ತಿಯಲ್ಲಿ ಕೂತು ಊಟ ಶುರು ಮಾಡಿರುತ್ತಿದ್ದರು.

ಪನೀರ್ ಮಾಡುವಾಗ ಹಾಲನ್ನು 90 ಡಿಗ್ರಿಗೆ ಕಾಯಿಸಿ, 70ಕ್ಕೆ ಇಳಿಸಿ, ಸಿಟ್ರಿಕ್ ಆಮ್ಲ ಹಾಕಿ ಒಡೆಯುತ್ತೇವೆ. ಸೋರುವ ನೀರು ಆಗ ತಾನೇ ಕುದಿಸಿದಷ್ಟು ಶುದ್ಧವಾಗಿರುತ್ತದೆ. ಆ ಬಿಸಿಯನ್ನು ಪುಕ್ಕಟೆ ಸಿಕ್ಕ ಪಾಶ್ಚರೀಕರಣವೆಂದು ನೋಡಬೇಕಿತ್ತು, ನಾನು ಅದನ್ನು ಕಾಟವೆಂದು ನೋಡಿದ್ದೆ. ಈಗ ನೀರು ಬಿಸಿಯಾಗಿರುವಾಗಲೇ ಮುಚ್ಚಿದ ಸ್ಟೀಲ್ ಟ್ಯಾಂಕಿಗೆ ಹೋಗುತ್ತದೆ. ಒಳಗಿನ ಸುರುಳಿ ಪೈಪಿನಲ್ಲಿ ಬೋರ್‌ವೆಲ್ ನೀರು ಹರಿಸಿ 38 ಡಿಗ್ರಿಗೆ ತರುತ್ತೇವೆ, ಫಾಸ್ಫಾರಿಕ್ ಆಮ್ಲ ಹಾಕಿ ಹುಳಿ ಹೆಚ್ಚಿಸುತ್ತೇವೆ, ಕೂಡಲೇ ಹೆಪ್ಪು ಹಾಕುತ್ತೇವೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ ನಾಲ್ಕರ ಆಸುಪಾಸಿನಲ್ಲಿದ್ದರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ, ಈ ಯೀಸ್ಟಿಗೆ ಏನೂ ಆಗುವುದಿಲ್ಲ. ಆಮ್ಲದಲ್ಲಿರುವ ರಂಜಕವೂ ಅದಕ್ಕೇ ಗೊಬ್ಬರ.

ಇನ್ನು ಗಾಳಿ. ಯೀಸ್ಟ್ ಒಂದು ಕೆಜಿ ಬೆಳೆಯಬೇಕಾದರೆ ಸರಿಸುಮಾರು ಒಂದು ಕೆಜಿ ಆಮ್ಲಜನಕ ಬೇಕು. ಮೀನಿನ ಕೊಳಕ್ಕೆ ಹಾಕುವ ಎರಡು ಅಶ್ವಶಕ್ತಿಯ ಬ್ಲೋವರ್ ತಂದು, ತಳದಲ್ಲಿ ರಂಧ್ರದ ರಬ್ಬರ್ ಕೊಳವೆಗಳನ್ನು ಹಾಸಿದೆ. ಸಂಜೆ ಸ್ವಿಚ್ ಹಾಕಿ ಊಟಕ್ಕೆ ಹೋದೆ. ಒಂಬತ್ತೂವರೆಗೆ ನಾಯಿ ಬೊಗಳುತ್ತಿದೆ ಎಂದು ಟಾರ್ಚ್ ಹಿಡಿದು ಬಂದರೆ ಶೆಡ್ಡಿನ ಬಾಗಿಲ ಕೆಳಗಿನಿಂದ ನೊರೆ ಅಂಗಳಕ್ಕೆ ನಡೆದು ಬರುತ್ತಿತ್ತು. ಒಳಗೆ ಮೊಣಕಾಲುದ್ದ ನೊರೆ. ಟ್ಯಾಂಕಿನ ಮುಚ್ಚಳವನ್ನೇ ಎತ್ತಿಕೊಂಡು ಉಕ್ಕುತ್ತಿದೆ. ಬ್ಲೋವರ್ ನಿಲ್ಲಿಸಿದರೂ ಇಳಿಯಲಿಲ್ಲ, ಗಟ್ಟಿ ಮೊಸರಿನಂಥ ನೊರೆ. ಗುಡಿಸಿದರೆ ಪೊರಕೆಗೇ ಅಂಟಿತು.

ಅಮ್ಮ ಹುಟ್ಟಿದ್ದು ಮಂಡ್ಯದ ಕಡೆ, ಆಲೆಮನೆಯ ಪಕ್ಕದಲ್ಲಿ. ಬಾಗಿಲಲ್ಲಿ ನಿಂತು ನೋಡಿದವರು ಒಳಗೆ ಹೋಗಿ ಹರಳೆಣ್ಣೆಯ ಬಾಟಲಿ ತಂದರು. ಬೆಲ್ಲದ ಕೊಪ್ಪರಿಗೆ ಉಕ್ಕಿದಾಗ ಅವರ ಅಪ್ಪ ಹಾಕುತ್ತಿದ್ದ ಹಾಗೆ ನಾಲ್ಕು ಚಮಚ ಬಿಟ್ಟರು. ನೊರೆ ನಿಟ್ಟುಸಿರು ಬಿಟ್ಟ ಹಾಗೆ ಕುಗ್ಗಿತು. ಬೆರಗಾಗಿ ಮೇಷ್ಟ್ರಿಗೆ ಹೇಳಿದರೆ, "ಹೆಚ್ಚು ಹಾಕಬೇಡ, ಎಣ್ಣೆ ಹೆಚ್ಚಾದರೆ ಗಾಳಿ ನೀರಿಗೆ ಕರಗುವುದಿಲ್ಲ" ಎಂದಷ್ಟೇ ಹೇಳಿದರು. ಈಗ ಒಂದು ಡ್ರಿಪ್ ಸೆಟ್ಟಿನಲ್ಲಿ ಎಣ್ಣೆ ಹನಿಹನಿಯಾಗಿ ಬೀಳುತ್ತದೆ.

ಗಾಳಿ ನಿಂತರೆ ಏನಾಗುತ್ತದೆ ಎಂಬುದು ಮುಂದಿನ ತಿಂಗಳು ಗೊತ್ತಾಯಿತು. ರಾತ್ರಿ ಕರೆಂಟ್ ಹೋಗಿ ಮೂರು ಗಂಟೆ ಬರಲಿಲ್ಲ. ಬೆಳಗ್ಗೆ ಶೆಡ್ಡಿನ ಸುತ್ತ ಹೆಂಡದ ವಾಸನೆ. ಊರಿನಲ್ಲಿ ಸುದ್ದಿ ಹಬ್ಬಲು ಒಂದು ದಿನ ಸಾಕು. ಮಾರನೆಯ ಸಂಜೆ ಬೀಟ್ ಪೊಲೀಸರೊಬ್ಬರು ಬಂದು ಟ್ಯಾಂಕಿನ ಸುತ್ತ ಎರಡು ಸುತ್ತು ಹಾಕಿ, ಮೂಗೆಳೆದು, "ಏನು ಸ್ವಾಮಿ ಇದು?" ಎಂದರು. ಕೋಳಿ ಮೇವು ಎಂದೆ. ಅವರು ನಂಬಲಿಲ್ಲ. ಲೋಟದಲ್ಲಿ ತೆಗೆದು ಮೂಗಿನ ಹತ್ತಿರ ಹಿಡಿದಾಗ ಮಾತ್ರ ಮುಖ ಕಿವುಚಿಕೊಂಡು ನಂಬಿದರು. "ಗಾಳಿ ಕೊಟ್ಟರೆ ಮೈ ಬೆಳೆಸುತ್ತವೆ, ಗಾಳಿ ಕಟ್ಟಿದರೆ ಹೆಂಡ ಕಾಯಿಸುತ್ತವೆ" ಎಂದು ಮೇಷ್ಟ್ರು ವಿವರಿಸಿದರು. ಸಕ್ಕರೆಯೆಲ್ಲ ಮದ್ಯವಾದರೂ ಶೇ. 2 ಚಿಲ್ಲರೆ ದಾಟುವುದಿಲ್ಲವಂತೆ. ಗಾಳಿ ಮರಳಿ ಬಂದರೆ ಆ ಮದ್ಯವನ್ನೂ ಅವೇ ತಿಂದು ಮುಗಿಸುತ್ತವೆ. ನಾನು ಒಂದು ಡೀಸೆಲ್ ಜನರೇಟರ್ ಕೊಂಡೆ.

ಇಷ್ಟಾದ ಮೇಲೆ ಹದಿನೆಂಟು ಗಂಟೆಯಲ್ಲಿ ನೀರು ತೆಳು ಗಂಜಿಯ ಹಾಗೆ ಬೆಳ್ಳಗಾಗತೊಡಗಿತು. ರಾತ್ರಿಯಿಡೀ ತಂಪಾಗಿ ನಿಲ್ಲಿಸಿದರೆ ಗಸಿ ಕೂರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಬಹುದು. ಗಸಿಯನ್ನು 85 ಡಿಗ್ರಿಗೆ ಕಾಯಿಸಿ, ಯೀಸ್ಟನ್ನು ಕೊಂದು, ಟಾರ್ಪಾಲಿನ ಮೇಲೆ ಸಂಡಿಗೆ ಹಿಟ್ಟಿನಂತೆ ಹರವಿ ಒಣಗಿಸಿದೆವು. ಒಣಗಿದ್ದು ಹಪ್ಪಳದಂತೆ ಚೂರುಚೂರಾಗಿ ಏಳುತ್ತಿತ್ತು. ಬೀಸಿದರೆ ಸುಟ್ಟ ರಾಗಿಹಿಟ್ಟಿನ ಪರಿಮಳ. ಮೊದಲ ಒಂದು ಕೆಜಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ. ವರದಿ ಬಂತು: ಕಚ್ಚಾ ಪ್ರೋಟೀನ್ ಶೇ. 54. ಸೋಯಾ ಹಿಂಡಿಗಿಂತಲೂ ಹೆಚ್ಚು! ಭಾವನಿಗೆ ವಾಟ್ಸಾಪಿನಲ್ಲಿ ಕಳುಹಿಸಿದೆ, ಮನೆಯಲ್ಲಿ ಪಾಯಸ ಮಾಡಿಸಿದೆ.

ಮೇಷ್ಟ್ರು ವರದಿ ನೋಡಿ ಪಾಯಸ ಕುಡಿಯದೆ ಕೇಳಿದರು: "ಯೂರಿಯಾ ಎಷ್ಟು ಹಾಕಿದೆ?"

ಪನೀರಿನ ನೀರಿನಲ್ಲಿ ಸಕ್ಕರೆ ಧಾರಾಳ, ಸಾರಜನಕ ಕಡಿಮೆ. ಹಾಲನ್ನು ಅಷ್ಟು ಕಾಯಿಸಿದಾಗ ನೀರಿಗೆ ಹೋಗಬೇಕಾದ ಪ್ರೋಟೀನೂ ಬಹುಪಾಲು ಪನೀರಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಯೀಸ್ಟಿಗೆ ಸಾರಜನಕವನ್ನು ನಾವು ಕೊಡಬೇಕು. ಸಾವಿರ ಲೀಟರಿಗೆ ಎರಡೂವರೆ ಕೆಜಿ ಸಾಕೆಂದು ಅವರು ಬರೆದುಕೊಟ್ಟಿದ್ದರು. ನಾನು ಆರು ಕೆಜಿ ಹಾಕಿದ್ದೆ. ಗದ್ದೆಗೆ ಹಾಕುವ ಕೈ, ತಡೆಯಲಿಲ್ಲ.

ಪ್ರಯೋಗಾಲಯದವರು ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16 ಎಂಬ ಲೆಕ್ಕ ಅದು. ಯೂರಿಯಾದಲ್ಲಿ ಸಾರಜನಕ ಶೇ. 46. ಒಂದು ಚೀಲ ಯೂರಿಯಾವನ್ನೇ ಪರೀಕ್ಷೆಗೆ ಕಳುಹಿಸಿದರೆ ಕಚ್ಚಾ ಪ್ರೋಟೀನ್ ಶೇ. 287 ಎಂದು ಬರುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದವರ ಚಾಲಾಕಿಯೂ ಇದೇ. ನಾನು ಗಸಿಯನ್ನು ತೊಳೆಯದೆ ಒಣಗಿಸಿದ್ದರಿಂದ ಅದರಲ್ಲಿ ಉಳಿದಿದ್ದ ಯೂರಿಯಾವೆಲ್ಲ ಹಪ್ಪಳದಲ್ಲೇ ಕೂತಿತ್ತು. ಗೊತ್ತಿಲ್ಲದೆ ಅದೇ ಮೋಸವನ್ನು ನನಗೆ ನಾನೇ ಮಾಡಿಕೊಂಡಿದ್ದೆ. ಹಸುವಾದರೆ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸ್ವಲ್ಪ ಯೂರಿಯಾವನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ನಾನು ಟ್ಯಾಂಕಿನಲ್ಲಿ ಪಡುತ್ತಿರುವ ಪಾಡನ್ನು ಅವು ಕರೆಂಟಿಲ್ಲದೆ ಮಾಡುತ್ತವೆ. ಕೋಳಿಗೆ ಆ ಸೌಲಭ್ಯವಿಲ್ಲ. ಯೂರಿಯಾ ಇಳಿಸಿ, ಗಸಿಯನ್ನು ಒಮ್ಮೆ ತೊಳೆದು ಕಳುಹಿಸಿದಾಗ ಶೇ. 42 ಬಂತು. ಅದರಲ್ಲೂ ಒಂದು ಪಾಲು ಪ್ರೋಟೀನಲ್ಲ, ಯೀಸ್ಟಿನ ಜೀವಕೋಶದಲ್ಲಿರುವ ನ್ಯೂಕ್ಲಿಕ್ ಆಮ್ಲದ (ಡಿಎನ್‌ಎ, ಆರ್‌ಎನ್‌ಎ) ಸಾರಜನಕ. ಮನುಷ್ಯರು ದಿನವೂ ತಿಂದರೆ ಯೂರಿಕ್ ಆಮ್ಲ ಏರಿ ಕೀಲುನೋವು ಬರಬಹುದು. ಕೋಳಿ ಹೇಗೂ ಯೂರಿಕ್ ಆಮ್ಲವನ್ನೇ ಹಿಕ್ಕೆಯಲ್ಲಿ ಹಾಕುವ ಪ್ರಾಣಿ, ಅದಕ್ಕೆ ಚಿಂತೆಯಿಲ್ಲ. ಭಾವನಿಗೆ ಹೊಸ ವರದಿ ಕಳುಹಿಸುವುದಕ್ಕೆ ಎರಡು ದಿನ ಹಿಂದೆಮುಂದೆ ನೋಡಿದೆ.

ಭಾವ ಮೊದಲು ನೂರು ಕೋಳಿಗಳ ಒಂದು ಸಾಲಿಗೆ ಮಾತ್ರ ಕೊಟ್ಟರು. ಮೇವಿನಲ್ಲಿ ಶೇ. 3 ಬೆರೆಸಿದಾಗ ವ್ಯತ್ಯಾಸವೇ ಕಾಣಲಿಲ್ಲ, ಅದೇ ನಮಗೆ ಬೇಕಿದ್ದದ್ದು. ಶೇ. 5ರಲ್ಲೂ ಮೊಟ್ಟೆ ಇಳಿಯಲಿಲ್ಲ. ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಲೈಸಿನ್ ಯೀಸ್ಟಿನಲ್ಲಿ ಚೆನ್ನಾಗಿದೆ, ಮೆಥಿಯೋನಿನ್ ಕಡಿಮೆ, ಅದನ್ನು ಹೊರಗಿನಿಂದ ಸ್ವಲ್ಪ ಸೇರಿಸಿದರು. ಶೇ. 10ಕ್ಕೆ ಏರಿಸಿದಾಗ ಕೋಳಿಗಳು ಮೇವು ಬಿಡತೊಡಗಿದವು, ಹಿಕ್ಕೆ ನೀರಾಯಿತು. ಹಾಲಿನ ಲವಣಗಳೆಲ್ಲ ಈ ನೀರಿನಲ್ಲಿರುತ್ತವಲ್ಲ, ಅದರ ಪರಿಣಾಮವಿರಬೇಕು. "ಏನಯ್ಯಾ, ಕೋಳಿಗೆ ಉಪ್ಪಿನಕಾಯಿ ಕೊಟ್ಟೆಯಾ?" ಎಂದರು ಭಾವ. ಐದಕ್ಕೆ ನಿಂತೆವು. ಎರಡು ಸಾವಿರ ಕೋಳಿಗಳ ಮೇವಿನಲ್ಲಿ ಶೇ. 5 ಎಂದರೆ ದಿನಕ್ಕೆ 11 ಕೆಜಿ. ನನ್ನ ಟ್ಯಾಂಕಿನಿಂದ ಬರುವುದೂ ಅಷ್ಟೇ.

ಪುಸ್ತಕದ ಪ್ರಕಾರ 45 ಕೆಜಿ ಸಕ್ಕರೆಗೆ ಇಪ್ಪತ್ತು ಕೆಜಿ ಒಣ ಯೀಸ್ಟ್ ಬರಬೇಕು. ನನಗೆ 11 ಬರುತ್ತದೆ. ಗಾಳಿ ಸಾಲದ್ದಕ್ಕೆ ಸ್ವಲ್ಪ, ತಿಳಿಯ ಜೊತೆ ಹರಿದುಹೋಗುವುದು ಸ್ವಲ್ಪ. ಸಾವಿರ ಲೀಟರಿನಲ್ಲಿ 11 ಕೆಜಿ ಎಂದರೆ ಉಳಿದದ್ದೆಲ್ಲ ನೀರು, ಈ ಕಸುಬಿನ ಮುಕ್ಕಾಲು ಪಾಲು ದುಡಿಮೆ ಆ ನೀರನ್ನು ಬೇರೆ ಮಾಡುವುದರಲ್ಲಿಯೇ ಕಳೆಯುತ್ತದೆ. ಕೊನೆಗೆ ಗುಜರಿಗೆ ಬಂದಿದ್ದ ಒಂದು ಕೆನೆ ತೆಗೆಯುವ ಯಂತ್ರ ತಂದೆ. ಕೂತ ಗಸಿಯನ್ನು ಅದಕ್ಕೆ ಬಿಟ್ಟರೆ ಯೀಸ್ಟ್ ಬಟ್ಟಲಿನ ಗೋಡೆಗೆ ಬೆಣ್ಣೆಯ ಹಾಗೆ ಮೆತ್ತುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ತಟ್ಟೆಗಳನ್ನೆಲ್ಲ ಬಿಚ್ಚಿ, ಮರದ ಸೌಟಿನಿಂದ ಕೆರೆಯಬೇಕು. ಬೇಸರದ ಕೆಲಸ, ಆದರೆ 55 ಕೆಜಿ ಗಟ್ಟಿ ಮುದ್ದೆ ಸಿಗುತ್ತದೆ. ಅದನ್ನು ಕಾಯಿಸಿ, ಎಣ್ಣೆ ತೆಗೆದ ತೌಡಿಗೆ ಕಲಸಿ ಹರವಿದರೆ ಬಿಸಿಲಿದ್ದ ದಿನ ಸಂಜೆಗೆ ಒಣಗುತ್ತದೆ. ಪ್ರೋಟೀನ್ ಶೇ. 20ರ ಆಸುಪಾಸಿಗೆ ಇಳಿಯುತ್ತದೆ, ಭಾವನಿಗೆ ತೌಡು ಹೇಗೂ ಬೇಕು.

ದುಡ್ಡಿನ ಮಾತು. ಬ್ಲೋವರಿನ ಕರೆಂಟಿಗೆ ದಿನಕ್ಕೆ ಇನ್ನೂರರ ಆಸುಪಾಸು, ಆಮ್ಲ ಮತ್ತು ಯೂರಿಯಾಕ್ಕೆ ನೂರ ಇಪ್ಪತ್ತು, ಜೊತೆಗೆ ಅರ್ಧ ಆಳಿನ ಕೂಲಿ. ಭಾವ ಒಣ ಯೀಸ್ಟಿನ ಲೆಕ್ಕದಲ್ಲಿ ಕೆಜಿಗೆ 45 ಕೊಡುತ್ತಾರೆ, ಅಂದರೆ 495 ರೂಪಾಯಿ. ಹಾಕಿದ್ದು ಹುಟ್ಟಿದರೆ ಅದೇ ಭಾಗ್ಯ. ಇದರಿಂದ ಲಾಭ ಮಾಡುತ್ತೇನೆಂದು ಹೊರಟವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ನನಗೆ ಉಳಿದದ್ದು ಟ್ಯಾಂಕರಿನ 1,200.

ನೀರೂ ಪೂರ್ತಿ ಶುದ್ಧವಾಗುವುದಿಲ್ಲ. ಯೀಸ್ಟ್ ತೆಗೆದ ತಿಳಿಯ ಬಿಒಡಿ 9,000. ಅದು ಗೋಬರ್ ಗ್ಯಾಸ್ ಗುಂಡಿಗೆ ಹೋಗಿ ಸಾವಿರದ ಕೆಳಗೆ ಬರುತ್ತದೆ, ಆಮೇಲೆ ಗಾಳಿಯಾಡುವ ಹೊಂಡ. ಕೊನೆಯಲ್ಲಿ ಒಮ್ಮೆ 80 ಬರುತ್ತದೆ, ಒಮ್ಮೆ 140. ನೂರಕ್ಕಿಂತ ಕೆಳಗಿದ್ದಾಗ ಮಾತ್ರ ನೇಪಿಯರ್ ಹುಲ್ಲಿಗೆ ಬಿಡುತ್ತೇವೆ, ಇಲ್ಲದಿದ್ದರೆ ಇನ್ನೆರಡು ದಿನ ಹೊಂಡದಲ್ಲೇ ಇರುತ್ತದೆ. ಯೀಸ್ಟಿನ ಗೋಜೇ ಬೇಡ, ನೇರವಾಗಿ ಗೋಬರ್ ಗ್ಯಾಸಿಗೇ ಬಿಡಬಹುದಿತ್ತಲ್ಲ ಎನ್ನುವವರಿದ್ದಾರೆ. ಬಿಟ್ಟಿದ್ದೆ. ಅಷ್ಟು ಸಕ್ಕರೆ ಒಮ್ಮೆಗೇ ಹೋದಾಗ ಗುಂಡಿಯೇ ಹುಳಿಯಾಗಿ ಒಂದು ತಿಂಗಳು ಒಲೆ ಉರಿಯಲಿಲ್ಲ. ಸಕ್ಕರೆಯನ್ನು ಯೀಸ್ಟ್ ತಿಂದು ಕಳುಹಿಸಿದರೆ ಗುಂಡಿಗೆ ಅರಗುತ್ತದೆ.

ಈ ಸಲ ಜೂನ್‌ನಲ್ಲಿ ಹತ್ತು ದಿನ ಬಿಸಿಲೇ ಬರಲಿಲ್ಲ. ತೌಡು ಕಲಸಿದ್ದು ಒಳಗೊಳಗೇ ಬೆಚ್ಚಗಾಗಿ ಹಸಿರು ಬೂಷ್ಟು ಹಿಡಿಯಿತು. ಒಣಗಿಸಿ ಕೊಟ್ಟರೆ ಗೊತ್ತಾಗುವುದಿಲ್ಲ ಎಂದು ಆಳು ಹೇಳಿದ. ಇಂಥ ಬೂಷ್ಟಿನಲ್ಲಿ ಇರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ತಿನ್ನುತ್ತದೆ, ಒಣಗಿಸಿದರೆ ಹೋಗುವುದಿಲ್ಲ. ನಾಲ್ಕು ಚೀಲಗಳನ್ನೂ ಗೊಬ್ಬರದ ಗುಂಡಿಗೆ ಹಾಕಿಸಿದೆ. ಗೋಬರ್ ಗ್ಯಾಸಿನ ಒಲೆಯಿಂದಲೇ ಬಿಸಿಗಾಳಿ ಊದುವ ಒಂದು ಒಣಗಿಸುವ ಕೋಣೆ ಕಟ್ಟಿಸುತ್ತಿದ್ದೇನೆ. ಗೋಡೆ ಎದ್ದಿದೆ, ತಟ್ಟೆಗಳು ಬಂದಿವೆ. ಪೈಪ್ ಕೂರಿಸುವವನು ಸೋಮವಾರ ಬರುತ್ತೇನೆಂದು ಹೇಳಿ ಮೂರು ಸೋಮವಾರಗಳಾದವು.